ಪಿಕಪ್ ಬದಲಿಸುವ ಮೊದಲು ಬ್ರಿಡ್ಜ್ ಕೆಳಗೆ ನೋಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ. ಬೇಸ್ ಗಿಟಾರಿನ ಸದ್ದು ಸರಿಯಿಲ್ಲ ಅನ್ನಿಸಿದ ತಕ್ಷಣ ಹೊಸ ಪಿಕಪ್ (ತಂತಿಯ ಅದುರನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಹುಡುಕಲು ಹೊರಡುತ್ತಾರಲ್ಲ, ಅವರ ಜೊತೆ. ಆ ಸಾಲಿನಲ್ಲಿ ಮೊದಲು ನಿಂತವನು ನಾನೇ. ಹಾಗಾಗಿ ಬೈಯುವ ಹಕ್ಕು ನನಗಿದೆ.

ನನ್ನ ಮೊದಲ ಬೇಸ್ ಗುಂಯ್ ಅನ್ನುತ್ತಿತ್ತು. ಆಂಪ್‌ಗೆ ಸಿಕ್ಕಿಸಿದರೆ ಸಾಕು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಪಿಕಪ್ ಕಳಪೆ ಅಂತ ನಾನೇ ತೀರ್ಪು ಕೊಟ್ಟು ಹೊಸದು ತರಿಸಿದೆ. ಇಡೀ ಸಂಜೆ ಕೂತು ಸೋಲ್ಡರ್ ಮಾಡಿದೆ. ಆಂಪ್ ಹಾಕಿದೆ. ಅದೇ ಗುಂಯ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕತೆ, ಅಲ್ವಾ?

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ತಂತಿ ಮುಟ್ಟಿದರೆ ಸದ್ದಿನಲ್ಲಿ ಏನೂ ಬದಲಾವಣೆ ಇಲ್ಲ. ಕೇಬಲ್ ಸಿಕ್ಕಿಸುವ ಜಾಕ್‌ನ ಲೋಹ ಮುಟ್ಟಿದರೆ ಮಾತ್ರ ಗುಂಯ್ ತಗ್ಗುತ್ತದೆ. ಅಂದರೆ ತಂತಿಗೂ ಗ್ರೌಂಡ್‌ಗೂ (ಗುಂಯ್ ಹರಿದು ಹೋಗುವ ದಾರಿ) ನಂಟು ಕಡಿದಿದೆ. ಬ್ರಿಡ್ಜ್ ಅಂದರೆ ಬಾಡಿಯ ಮೇಲೆ ತಂತಿಗಳ ಬುಡ ಹಿಡಿದಿರುವ ಲೋಹದ ಭಾಗ. ಅದರ ಸ್ಕ್ರೂ ಬಿಚ್ಚಿ ಎತ್ತಿ ನೋಡಿದೆ. ಅದರ ಕೆಳಗೆ ಮರದಲ್ಲಿ ಒಂದು ಸಣ್ಣ ತೂತು. ಅದರಿಂದ ಒಂದು ವೈರ್ ಹೊರಗೆ ಬಂದು, ತುದಿಯ ತಾಮ್ರದ ಎಳೆಗಳು ಬ್ರಿಡ್ಜ್‌ನ ತಳಕ್ಕೆ ಒತ್ತಿಕೊಂಡಿರಬೇಕು. ಅಷ್ಟೇ ಅದರ ಕೆಲಸ. ನನ್ನದರಲ್ಲಿ ಆ ಎಳೆಗಳು ಕಪ್ಪಾಗಿ, ಒಳಗೆ ಜಾರಿ, ತೂತಿನಲ್ಲೇ ಅಡಗಿ ಕೂತಿದ್ದವು. ಚಿಮುಟದಿಂದ ಹೊರಗೆಳೆದೆ. ಅರ್ಧ ಇಂಚು ಪ್ಲಾಸ್ಟಿಕ್ ಸುಲಿದೆ. ಎಳೆಗಳನ್ನು ಬೀಸಣಿಗೆ ಹಾಗೆ ಹರಡಿ ಬ್ರಿಡ್ಜ್ ಮತ್ತೆ ಬಿಗಿದೆ. ಒಂದು ಪೈಸೆ ಖರ್ಚಿಲ್ಲದೆ ಬೇಸ್ ಸುಮ್ಮನಾಯಿತು.

ಪಿಕಪ್ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಅದರಲ್ಲಿ ಇದ್ದದ್ದು ಒಂದೇ ಕಾಯಿಲ್, ಅಂದರೆ ಅಯಸ್ಕಾಂತದ ಸುತ್ತ ಸುತ್ತಿದ ತೆಳು ತಾಮ್ರದ ಎಳೆ. 1957ರಲ್ಲಿ ಅದನ್ನು ಎರಡು ತುಂಡು ಮಾಡಿದರು. ದಪ್ಪಗಿನ ಇ ಮತ್ತು ಎ ತಂತಿಗೆ ಒಂದು, ತೆಳ್ಳಗಿನ ಡಿ ಮತ್ತು ಜಿ ತಂತಿಗೆ ಇನ್ನೊಂದು. ಒಂದರ ಸುತ್ತು ಮತ್ತು ಅಯಸ್ಕಾಂತ ಇನ್ನೊಂದಕ್ಕೆ ಉಲ್ಟಾ. ತಂತಿಯ ಸದ್ದು ಉಳಿಯುತ್ತದೆ, ಹೊರಗಿನಿಂದ ನುಗ್ಗುವ ಗುಂಯ್ ಒಂದನ್ನೊಂದು ಹೊಡೆದು ಹಾಕುತ್ತದೆ. 1960ರಲ್ಲಿ ಬಂದ ಜಾಝ್ ಬೇಸ್ ಮಾದರಿಯಲ್ಲಿ ಎರಡು ಬೇರೆ ಬೇರೆ ಪಿಕಪ್. ಸಾಮಾನ್ಯವಾಗಿ ಎರಡೂ ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಗುಂಯ್ ಹೋಗುತ್ತದೆ, ಒಂದನ್ನು ಇಳಿಸಿದರೆ ವಾಪಸ್ ಬರುತ್ತದೆ. ಅದು ಕೆಟ್ಟಿಲ್ಲ ಮಾರಾಯ್ರೇ, ಅದರ ಜಾಯಮಾನವೇ ಹಾಗೆ!

ಇನ್ನು ಸದ್ದು ಮಂಕು ಅನ್ನುವವರು. ತಂತಿ ಬದಲಿಸಿ ಎಷ್ಟು ದಿನ ಆಯಿತು? ಬೆವರು, ಕೊಳೆ ಎಲ್ಲ ಸುತ್ತಿನ ಸಂದಿಗೆ ಹೋಗಿ ಕೂತಿರುತ್ತದೆ. ಹೊಸ ರೌಂಡ್‌ವೂಂಡ್ (ಮೇಲೆ ದುಂಡು ಸರಿಗೆ ಸುತ್ತಿದ) ತಂತಿ ಹಾಕಿ ನೋಡಿ, ಆಮೇಲೆ ಪಿಕಪ್ ಮಾತು ಆಡೋಣ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆಯಾ? ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಸಿಂಪಡಿಸಿ ಹತ್ತಿಪ್ಪತ್ತು ಸಲ ತಿರುಗಿಸಿ. ಟೋನ್‌ಗೆ ಹಾಕುವ ಕೆಪಾಸಿಟರ್ (ಚೂಪು ಸದ್ದು ತಗ್ಗಿಸುವ ಪುಟ್ಟ ಬಿಡಿಭಾಗ) ವಿಷಯದಲ್ಲಂತೂ ನನಗೆ ನಗು ಬರುತ್ತದೆ. 0.047 ಮೈಕ್ರೋಫ್ಯಾರಡ್ ಅಂದರೆ 0.047, ಅಷ್ಟೇ. ಅದಕ್ಕೆ ಚಿನ್ನದ ಬಣ್ಣದ ಅಂಗಿ ಯಾಕೆ ಬೇಕು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೇಸ್ ವಿಷಯದಲ್ಲಿ ಮಾತ್ರ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕು. ನಾಲ್ಕು ತಂತಿ ಸೇರಿ ನೆಕ್ ಅನ್ನು (ಎಡಗೈ ಹಿಡಿಯುವ ಉದ್ದ ಕತ್ತು) ಸುಮಾರು 80 ಕೆಜಿ ಬಲದಿಂದ ಎಳೆಯುತ್ತಿರುತ್ತವೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತು ಬಿದ್ದ ಹಾಗೆ. ಆ ಎಳೆತಕ್ಕೆ ಎದುರು ನಿಲ್ಲುವುದು ನೆಕ್ ಒಳಗಿರುವ ಲೋಹದ ಸರಳು, ಟ್ರಸ್ ರಾಡ್. ಹವೆಯ ತೇವ ಬದಲಾದರೆ ಮರವೂ ಅಲುಗುತ್ತದೆ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ (ನೆಕ್‌ನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿ) ಮತ್ತು ಕೊನೆಯ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. 7 ಅಥವಾ 8ನೇ ಫ್ರೆಟ್ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಕಾಣಬೇಕು, ಸುಮಾರು 0.3 ಮಿಲಿಮೀಟರ್. ಸಂದು ಜಾಸ್ತಿ ಇದ್ದರೆ ರಾಡ್ ಬಿಗಿ ಮಾಡಿ, ಇಲ್ಲವೇ ಇಲ್ಲ ಅಂದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ತಂತಿ ಎತ್ತರ ಇಳಿಸಲು ಇದನ್ನು ತಿರುಗಿಸುವವರನ್ನು ಕಂಡರೆ ನನಗೆ ಭಯ. ಎತ್ತರಕ್ಕೆ ಬ್ರಿಡ್ಜ್‌ನಲ್ಲಿ ಸ್ಯಾಡಲ್ ಇದೆ, ಪ್ರತಿ ತಂತಿ ಕೂರುವ ಸಣ್ಣ ತುಂಡು.

ಎಲ್ಲಿ ಟರ್ರ್ ಅನ್ನುತ್ತದೆ ಅಂತಲೂ ಕಿವಿ ಕೊಡಿ. ಎಲ್ಲೂ ಒತ್ತದ ಖಾಲಿ ತಂತಿ ಮಾತ್ರ ಅಂದರೆ ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಕಚ್ಚು ಆಳವಾಗಿದೆ. ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ಅಂದರೆ ನೆಕ್ ಹಿಂದಕ್ಕೆ ಬಾಗಿರುವ ಸಾಧ್ಯತೆ ಜಾಸ್ತಿ. ಒಂದೇ ಒಂದು ಜಾಗದಲ್ಲಿ ಅಂದರೆ ಅದರ ಮುಂದಿನ ಯಾವುದೋ ಫ್ರೆಟ್ ಎದ್ದಿದೆ. ಇದರಲ್ಲಿ ಯಾವುದನ್ನೂ ದುಬಾರಿ ಪಿಕಪ್ ಸರಿಮಾಡುವುದಿಲ್ಲ.

ಸ್ವಂತ ಬೇಸ್ ಕಟ್ಟುವವರು ಬಾಡಿಯ ಮರಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಮರದ ಜಾತಿ ಕೇಳುವುದಿಲ್ಲ, ತೂಕ ಕೇಳುತ್ತೇನೆ. ಬಾಡಿ ತೀರಾ ಹಗುರ, ಮೇಲೆ ತಂತಿ ಬಿಗಿಯುವ ಟ್ಯೂನಿಂಗ್ ಕೀಗಳು ಭಾರ ಅಂದರೆ, ಬೆಲ್ಟ್ ಹಾಕಿಕೊಂಡು ನಿಂತಾಗ ನೆಕ್ ನೆಲಕ್ಕೆ ಬಾಗುತ್ತದೆ. ಎಡಗೈ ನುಡಿಸುವುದು ಬಿಟ್ಟು ಹೊರುವ ಕೆಲಸಕ್ಕೆ ಬೀಳುತ್ತದೆ. ಹಗುರವಾದ ಕೀ, ಇದು ನಾನು ಸಂತೋಷದಿಂದ ದುಡ್ಡು ಕೊಡುವ ಭಾಗ.

ಮರದ ಚಿಂತೆಯಲ್ಲಿ ಮುಳುಗಿದವರೇ ಬ್ರಿಡ್ಜ್‌ಗೆ ತೂತು ಕೊರೆಯುವಾಗ ಅವಸರ ಮಾಡುತ್ತಾರೆ. ನಟ್‌ನ ಅಂಚಿನಿಂದ 12ನೇ ಫ್ರೆಟ್‌ಗೆ ಎಷ್ಟಿದೆಯೋ ಅದರ ಎರಡರಷ್ಟು ನಿಮ್ಮ ಸ್ಕೇಲ್, ಅಂದರೆ ತಂತಿ ಮಿಡಿಯುವ ಉದ್ದ. 17 ಇಂಚು ಇದ್ದರೆ 34. ಜಿ ತಂತಿಯ ಸ್ಯಾಡಲ್ ಅನ್ನು ಬಹುತೇಕ ಪೂರ್ತಿ ಮುಂದೆ ತಂದು ಆ 34ಕ್ಕೆ ಇಡಬೇಕು. ಯಾಕೆಂದರೆ ಶ್ರುತಿ ಹೊಂದಿಸುವಾಗ ಸ್ಯಾಡಲ್‌ಗಳು ಹಿಂದಕ್ಕೇ ಹೋಗುವುದು, ದಪ್ಪ ಇ ತಂತಿಯದು ಎಲ್ಲಕ್ಕಿಂತ ಹಿಂದೆ. ಆಮೇಲೆ ಇ ಮತ್ತು ಜಿ ಜಾಗದಲ್ಲಿ ಹೊಲಿಗೆ ದಾರ ಎಳೆದು ಕಟ್ಟಿ ನೋಡಿ. ನೆಕ್‌ನ ಎರಡೂ ಅಂಚಿನಿಂದ ಒಂದೇ ಅಂತರ ಇದೆಯಾ? ಹೌದು ಅಂದಮೇಲೇ ಡ್ರಿಲ್ ಕೈಗೆ ತೆಗೆದುಕೊಳ್ಳಿ.

ಈಗ ನನ್ನ ಮೇಜಿನ ಮೇಲೆ ಅಂಥದ್ದೇ ಒಂದು ಬೇಸ್ ಇದೆ, ನಿನ್ನೆಯಷ್ಟೇ ತಂತಿ ಏರಿಸಿದ್ದು. ಅದರಲ್ಲಿರುವುದು ಅವತ್ತು ಕಳಪೆ ಅಂತ ಬೈದು ಕಿತ್ತು ಹಾಕಿದ ಹಳೇ ಪಿಕಪ್. ಸದ್ದು ಚೆನ್ನಾಗೇ ಇದೆ.