ಹನ್ನೆರಡು ತೆಗೆದು ಐದು ಹಾಕುವ ಕೆಲಸ

ಕೇಳುಗರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ನಮ್ಮದು ದೊಡ್ಡ ಕಂಪನಿಯಲ್ಲ. ಅಮರಗೋಳ ಎಪಿಎಂಸಿಯ ಅಂಗಡಿಗಳು, ದುರ್ಗದಬೈಲ್ ಸುತ್ತಲಿನ ಹೋಲ್‌ಸೇಲ್ ಕಿರಾಣಿಯವರು, ಇಂಥವರಿಗೆ ಬಿಲ್, ಸ್ಟಾಕ್, ಉದ್ರಿ ಲೆಕ್ಕದ ಪ್ರೋಗ್ರಾಂ ಮಾಡಿಕೊಡುತ್ತೇವೆ. ಕೆಲಸ ಸಣ್ಣದು. ಆದರೆ ಲೋಕದಲ್ಲಿ ಎಲ್ಲೇ ಸಾಫ್ಟ್‌ವೇರ್ ಕೈಕೊಟ್ಟರೂ ನಮಗೆ ಫೋನ್ ಬರುತ್ತದೆ. "ಸರ, ಇಂಟರ್ನೆಟ್ ನಿಂತೈತಂತ ಟಿವ್ಯಾಗ ಹೇಳಾಕತ್ತಾರ. ನಮ್ಮ ಬಿಲ್ ಬರ್ತಾವೋ ಇಲ್ಲೋ?"

ಈಗೀಗ ಅದಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇನ್ನೊಂದು. "ನಮ್ಮ ಹುಡುಗನ್ನ ಕಂಪ್ಯೂಟರ್ ಸೈನ್ಸಿಗೆ ಹಚ್ಚೂದೋ ಬ್ಯಾಡೋ? ಎಲ್ಲಾ ಎಐನ ಬರೀತೈತಂತಲ್ರೀ." ವಿದ್ಯಾನಗರದ ಕಡೆ ಪಿಯುಸಿ ಹುಡುಗರ ಅಪ್ಪಂದಿರು ಯಾರು ಸಿಕ್ಕರೂ ಇದೇ ಮಾತು.

ಪ್ರೋಗ್ರಾಂನ ಸಾಲುಗಳನ್ನು, ಅಂದರೆ ನಾವು ಕೋಡ್ ಅನ್ನುವುದನ್ನು, ಎಐ ಬರೆಯುತ್ತದೆ, ಸುಳ್ಳಲ್ಲ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದಾಗ ಅದರ ಕೋಡ್ ನೋಡಿ ನಾವು ನಗುತ್ತಿದ್ದೆವು. ಈಗ ಯಾರೂ ನಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಆಂಡ್ರೇ ಕಾರ್ಪತಿ ಎಂಬ ಎಐ ಪರಿಣತರು ‘ವೈಬ್ ಕೋಡಿಂಗ್’ ಅಂತ ಒಂದು ಹೆಸರಿಟ್ಟರು. ಬೇಕಾದ್ದನ್ನು ಬಾಯಿಮಾತಿನಲ್ಲಿ ಹೇಳುವುದು. ಅದು ಬರೆದದ್ದನ್ನು ಓದದೇ ಒಪ್ಪಿಕೊಳ್ಳುವುದು. ತಪ್ಪು ಬಂದರೆ ಆ ತಪ್ಪನ್ನೇ ತಿರುಗಿ ಅದರ ಮುಂದೆ ಹಾಕುವುದು. ಮುಗೀತು. ಅವರು ಇದನ್ನು ಹೇಳಿದ್ದು ರಜೆಯಲ್ಲಿ ಮಾಡಿ ಬಿಸಾಡುವ ಸಣ್ಣ ಪ್ರಯೋಗಗಳಿಗೆ. ಹೆಸರು ಎಷ್ಟು ಹಬ್ಬಿತೆಂದರೆ ಕಾಲಿನ್ಸ್ ನಿಘಂಟಿನವರು ಅದನ್ನೇ 2025ರ ಪದ ಅಂತ ಆರಿಸಿದರು. ಬಿಸಾಡುವ ಪ್ರಯೋಗ ಅನ್ನುವ ಮಾತನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬರೆಯುವುದು ನಮ್ಮ ಕೆಲಸದಲ್ಲಿ ಯಾವತ್ತೂ ದೊಡ್ಡ ಕಷ್ಟ ಆಗಿರಲಿಲ್ಲ. ಕಷ್ಟ ಇರುವುದು ಓದುವುದರಲ್ಲಿ. ಬೇರೆಯವರು ಬರೆದದ್ದನ್ನು, ನಾವೇ ಹೋದ ವರ್ಷ ಬರೆದು ಮರೆತದ್ದನ್ನು ಓದಬೇಕು. ಇಲ್ಲಿ ಕೈ ಹಾಕಿದರೆ ಅಲ್ಲಿ ಏನು ಬೀಳುತ್ತದೆ ಅಂತ ತಿಳಿಯಬೇಕು. ಇದು ಬಾಯಿಮಾತು ಅನ್ನಿಸಬಾರದು ಅಂತ ಒಂದು ಪ್ರಸಂಗ ಹೇಳುತ್ತೇನೆ.

2025ರ ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿ ದರ ಬದಲಿಸಿತು. ಶೇಕಡಾ 12 ಮತ್ತು 28ರ ಹಂತಗಳು ಹೋದವು. 5 ಮತ್ತು 18 ಉಳಿದವು, ಕೆಲವು ವಸ್ತುಗಳಿಗೆ 40 ಅಂತ ಹೊಸದೊಂದು ಬಂತು. ನವರಾತ್ರಿಯ ಮೊದಲ ದಿನ, ಅಂದರೆ ಸೆಪ್ಟೆಂಬರ್ 22ರಿಂದ ಜಾರಿ. ಗಿರಾಕಿಗೆ ಸಿಹಿ ಸುದ್ದಿ, ನಮ್ಮಂಥವರಿಗೆ ನಿದ್ದೆ ಇಲ್ಲ. ತುಪ್ಪ, ಬೆಣ್ಣೆ 12ರಿಂದ 5ಕ್ಕೆ ಇಳಿದವು. ಸಾಬೂನು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ. ಮಕ್ಕಳ ನೋಟ್‌ಬುಕ್ 12ರಿಂದ ಸೊನ್ನೆಗೆ.

ಆಗ ಒಬ್ಬ ಹೋಲ್‌ಸೇಲ್ ವ್ಯಾಪಾರಿ ನಮ್ಮ ಹತ್ತಿರ ಬಂದರು. ಅವರ ಪ್ರೋಗ್ರಾಂ ನಾವು ಬರೆದದ್ದಲ್ಲ, ಹಿಂದೆ ಯಾರೋ ಬರೆದುಕೊಟ್ಟು ಊರು ಬಿಟ್ಟಿದ್ದರು. ತೆರಿಗೆ ದರವನ್ನು ಒಂದು ಪಟ್ಟಿಯಲ್ಲಿ ಇಡದೆ ಕೋಡ್‌ನ ಒಳಗೇ ಅಲ್ಲಲ್ಲಿ 12, 12 ಅಂತ ಬರೆದುಬಿಟ್ಟಿದ್ದರು. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಅದನ್ನು ಎಐ ಮುಂದೆ ಇಟ್ಟು, ತೆರಿಗೆಯ 12 ಇದ್ದಲ್ಲೆಲ್ಲ 5 ಮಾಡು, ನೋಟ್‌ಬುಕ್ಕಿಗೆ ಸೊನ್ನೆ ಹಾಕು ಅಂದ. ಚಹಾ ತಣ್ಣಗಾಗುವುದರೊಳಗೆ ಮಾಡಿಬಿಟ್ಟಿತು. ನಾನು ಕೂತು ನೋಡಿದೆ. ಡಜನ್ ಲೆಕ್ಕದ 12 ಮುಟ್ಟಿರಲಿಲ್ಲ. ವರ್ಷದ 12 ತಿಂಗಳು ಹಾಗೇ ಇದ್ದವು. ಭೇಷ್ ಅಂದೆ. ಹತ್ತು ವರ್ಷದ ಹಿಂದೆ ಇದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾಡಬೇಕಿತ್ತು.

ಅಂಗಡಿಗೆ ಹೋಗಿ ತೋರಿಸಿದೆವು. ಹೊಸ ಬಿಲ್ ಸರಿ ಬಂತು. ಅಲ್ಲಿ ಲೆಕ್ಕ ಬರೆಯುವ ಹಿರಿಯ ಗುಮಾಸ್ತರು ಕನ್ನಡಕ ಏರಿಸಿಕೊಂಡು ಕೇಳಿದರು. "ಹೋದ ವಾರ ಮಾರಿದ ತುಪ್ಪದ ಡಬ್ಬಿ ಹಬ್ಬ ಆದಮ್ಯಾಲೆ ವಾಪಸ್ ಬಂದ್ರ, ಯಾ ರೇಟಿಗೆ ತೊಗೊಳೂದ್ರೀ?"

ಹುಡುಗ ಸುಮ್ಮನೆ ನಿಂತ. ಮಾಲು ವಾಪಸಾದಾಗ ಕ್ರೆಡಿಟ್ ನೋಟ್ ಕೊಡಬೇಕು. ಅದರಲ್ಲಿ ಮೊದಲ ಬಿಲ್ಲಿನ ದರವೇ ಇರಬೇಕು, ಅಂದರೆ 12. ಈ ಪ್ರೋಗ್ರಾಂ ಈಗ 5 ಹಾಕುತ್ತಿತ್ತು. ಅಷ್ಟೇ ಅಲ್ಲ. ಆಗಸ್ಟ್ ತಿಂಗಳ ಬಿಲ್ ಒಂದನ್ನು ತಿರುಗಿ ಪ್ರಿಂಟ್ ಕೊಟ್ಟು ನೋಡಿದೆವು. ಅದರಲ್ಲೂ 5! ದರವನ್ನು ಬಿಲ್ ಜೊತೆ ಉಳಿಸದೆ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತಿತ್ತು ಆ ಹಳೆಯ ಕೋಡ್. ಆಡಿಟರ್ ಮುಂದೆ ಹೋಗಿದ್ದರೆ ಅಂಗಡಿಯವರ ಗತಿ ಏನು?

ಕೊನೆಗೆ ಮಾಡಿದ್ದು ಹಳೆಯ ಕಾಲದ ಮದ್ದು. ಒಂದು ಪಟ್ಟಿ. ಪ್ರತಿ ಸರಕಿನ ಎಚ್‌ಎಸ್‌ಎನ್ ಕೋಡ್ (ತೆರಿಗೆಗೆ ಸರಕನ್ನು ಗುರುತಿಸುವ ಸಂಖ್ಯೆ), ಅದರ ಎದುರು ದರ, ಆ ದರ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ಬಿಲ್ಲಿನ ತಾರೀಖು ನೋಡಿ ದರ ಎತ್ತಿಕೊಳ್ಳುವುದು. ನಾಳೆ ಮಂಡಳಿ ಮತ್ತೆ ಬದಲಿಸಿದರೆ ಪ್ರೋಗ್ರಾಂನ ಕೋಡ್ ಮುಟ್ಟಬೇಕಾಗಿಯೇ ಇಲ್ಲ, ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು. ಅದನ್ನೂ ಬರೆದದ್ದು ಎಐಯೇ. ಚೆನ್ನಾಗಿಯೇ ಬರೆಯಿತು.

ಇಲ್ಲಿ ಒಂದು ಮಾತು. ಎಐಗೆ ಈ ನಿಯಮ ಗೊತ್ತಿರಲಿಲ್ಲ ಅಂತಲ್ಲ. ವಾಪಸಾದ ಮಾಲಿಗೆ ಯಾವ ದರ ಅಂತ ಆಮೇಲೆ ಅದನ್ನೇ ಕೇಳಿದೆವು. ಸರಿಯಾಗಿ ಹೇಳಿತು, ಕಾರಣ ಸಮೇತ. ಆದರೆ ಕೇಳಬೇಕು ಅಂತ ಯಾರಿಗಾದರೂ ಹೊಳೆಯಬೇಕಲ್ಲ? ಹೊಳೆದದ್ದು ಗುಮಾಸ್ತರಿಗೆ. ಅವರು ಜನ್ಮದಲ್ಲಿ ಒಂದು ಸಾಲು ಕೋಡ್ ಬರೆದವರಲ್ಲ.

ಹಾಗಾಗಿ ಅಪ್ಪಂದಿರಿಗೆ ನಾನು ಹೇಳುವುದು, ಹಚ್ಚಿರಿ, ಹೆದರಬೇಡಿ. ಹೆದರಿಕೆ ಇರಬೇಕಾದದ್ದು ನಮಗೆ, ಕೆಲಸ ಕೊಡುವವರಿಗೆ. ಮೊದಲು ಹೊಸ ಹುಡುಗರಿಗೆ ಸಣ್ಣ ಸಣ್ಣ ತಿದ್ದುಪಡಿ ಕೊಡುತ್ತಿದ್ದೆವು. ಅವನ್ನು ಮಾಡುತ್ತಾ ಮಾಡುತ್ತಾ ಇಡೀ ಪ್ರೋಗ್ರಾಂ ಓದಲು ಕಲಿಯುತ್ತಿದ್ದರು. ಆ ಸಣ್ಣ ಕೆಲಸಗಳೆಲ್ಲ ಈಗ ಎಐ ಪಾಲು. ಹುಡುಗರು ಓದಲು ಕಲಿಯುವುದು ಎಲ್ಲಿ? ಇದಕ್ಕೆ ದೊಡ್ಡ ಕಂಪನಿಗಳವರೂ ಸರಿಯಾದ ಉತ್ತರ ಕೊಟ್ಟದ್ದನ್ನು ನಾನು ನೋಡಿಲ್ಲ.

ಎಐ ಇದ್ದರೆ ಕೆಲಸ ಬೇಗ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 2025ರ ಜುಲೈನಲ್ಲಿ ಮೆಟರ್ ಎಂಬ ಅಮೆರಿಕದ ಸಂಸ್ಥೆ ಇದನ್ನು ಗಡಿಯಾರ ಇಟ್ಟು ಅಳೆದ ಫಲಿತಾಂಶ ಹೊರಗೆ ಹಾಕಿತು. 16 ಜನ ಅನುಭವಿ ಡೆವಲಪರ್‌ಗಳು, 246 ಕೆಲಸಗಳು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವ ಹಾಗಿಲ್ಲ. ಶುರುವಿಗೆ ಅವರ ಅಂದಾಜು, ಎಐ ಇದ್ದರೆ ಶೇಕಡಾ 24ರಷ್ಟು ಸಮಯ ಉಳಿಯುತ್ತದೆ ಅಂತ. ನಿಜವಾಗಿ ಆದದ್ದು ಶೇಕಡಾ 19ರಷ್ಟು ತಡ. ತಮಾಷೆ ಮುಂದೆ ಇದೆ. ಎಲ್ಲ ಮುಗಿದ ಮೇಲೆ ಕೇಳಿದರೂ, ನಮಗೆ ಶೇಕಡಾ 20ರಷ್ಟು ಸಮಯ ಉಳಿಯಿತು ಅಂತಲೇ ಅವರು ನಂಬಿದ್ದರು! ಇವರೆಲ್ಲ ತಮ್ಮ ಕೋಡ್ ಅಂಗೈಯಷ್ಟು ಗೊತ್ತಿದ್ದವರು, ಆಮೇಲೆ ಸಲಕರಣೆಗಳೂ ಸುಧಾರಿಸಿವೆ. ಆದ್ದರಿಂದ ಆ 19ನ್ನು ನಾನು ಎಲ್ಲ ಕಡೆ ಎತ್ತಿ ಹಿಡಿಯುವುದಿಲ್ಲ. ಆದರೆ "ನಂದು ಭಾಳ ಫಾಸ್ಟ್ ಆಗೇತ್ರೀ" ಅಂತ ಯಾರಾದರೂ ಅಂದರೆ, ಗಡಿಯಾರ ನೋಡಿದ್ದೀಯೇನಪ್ಪಾ ಅಂತ ಕೇಳುತ್ತೇನೆ.

ಗಡಿಯಾರದ ಮಾತಿಗೆ ನನಗೆ ಬಹಳ ಇಷ್ಟವಾದ ಇನ್ನೊಂದು ಸುದ್ದಿ ನೆನಪಾಗುತ್ತದೆ. ಸ್ವಲ್ಪ ಹಳೆಯದು, 2024ರ ಮಾರ್ಚ್‌ನದು. ಆಂಡ್ರೆಸ್ ಫ್ರಾಯಿಂಡ್ ಅಂತ ಒಬ್ಬ ಎಂಜಿನಿಯರ್. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ ಕೆಲಸ ಮಾಡುವವರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಮೊದಲಿಗಿಂತ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅಂತ ಅವರಿಗೆ ಕಂಡಿತು. ಅರ್ಧ ಸೆಕೆಂಡ್! ನಾವಾಗಿದ್ದರೆ ನೆಟ್ ಸ್ಲೋ ಇದೆ ಅಂತ ಬಿಟ್ಟುಬಿಡುತ್ತಿದ್ದೆವು. ಅವರು ಬಿಡಲಿಲ್ಲ. ಎಳೆ ಹಿಡಿದು ಹೋದರು. ಅದು ಎಕ್ಸ್‌ಝಡ್ ಎಂಬ ಒಂದು ಪುಟ್ಟ ಸಲಕರಣೆಗೆ ಹೋಗಿ ಮುಟ್ಟಿತು. ಫೈಲ್ ಒತ್ತಿ ಸಣ್ಣದು ಮಾಡುವುದು ಅದರ ಕೆಲಸ. ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆ) ಇರುವ ಬಹುಪಾಲು ಕಂಪ್ಯೂಟರ್‌ಗಳಲ್ಲಿ ಇರುತ್ತದೆ.

ಇಷ್ಟು ಮುಖ್ಯವಾದದ್ದನ್ನು ವರ್ಷಾನುಗಟ್ಟಲೆ ನೋಡಿಕೊಂಡದ್ದು ಒಬ್ಬರೇ, ಲಾಸ್ಸೆ ಕಾಲಿನ್ ಅಂತ, ಬಿಡುವಿನ ಹೊತ್ತಿನಲ್ಲಿ. ಅವರಿಗೆ ದಣಿವಾಗಿತ್ತು. ಮನಸ್ಸಿನ ಆರೋಗ್ಯವೂ ಸರಿ ಇರಲಿಲ್ಲ, ಅದನ್ನು ಅವರೇ ಬರೆದಿದ್ದರು. ಯಾರು ಯಾರೋ ಹೊಸ ಹೆಸರಿನವರು ಬಂದು, ಯಾಕೆ ತಡ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಒತ್ತಾಯ ಮಾಡಿದರು. ಆ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನವನು ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸುತ್ತಿದ್ದ. ಮನೆಯ ಬೀಗದ ಕೈ ಅವನ ಕೈಗೆ ಬಂತು. ಪರೀಕ್ಷೆಗೆಂದು ಇಟ್ಟ ಫೈಲ್‌ಗಳಲ್ಲಿ ಕಳ್ಳಬಾಗಿಲು ಬಚ್ಚಿಟ್ಟ. ಅದು ಹಾಗೇ ಹಬ್ಬಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳೊಳಗೆ ಅವನು ಬೇಕೆಂದಾಗ ನುಗ್ಗಬಹುದಿತ್ತು. ಆ ಹೆಸರಿನ ಹಿಂದೆ ಯಾರಿದ್ದರು ಅನ್ನುವುದು ಇವತ್ತಿಗೂ ಬಯಲಾಗಿಲ್ಲ.

ದೊಡ್ಡ ದೊಡ್ಡ ಭದ್ರತಾ ಕಂಪನಿಗಳ ಸಾಫ್ಟ್‌ವೇರ್ ಇದನ್ನು ಹಿಡಿಯಲಿಲ್ಲ. ಅರ್ಧ ಸೆಕೆಂಡಿಗೆ ತಲೆ ಕೆಡಿಸಿಕೊಂಡ ಒಬ್ಬ ಮನುಷ್ಯ ಹಿಡಿದ. ಅದೇ ವರ್ಷ ಜುಲೈ 19ರಂದು, ಕಾಯುವುದೇ ಕೆಲಸವಾದ ಒಂದು ಸಾಫ್ಟ್‌ವೇರ್ ಲೋಕವನ್ನು ನಿಲ್ಲಿಸಿತು. ಕ್ರೌಡ್‌ಸ್ಟ್ರೈಕ್. ಶುಕ್ರವಾರ ಮುಂಜಾನೆ, ನಮ್ಮ ಗಡಿಯಾರದಲ್ಲಿ 9 ಗಂಟೆ 39 ನಿಮಿಷಕ್ಕೆ ಒಂದು ಅಪ್‌ಡೇಟ್ ಹೊರಟಿತು. 78 ನಿಮಿಷದಲ್ಲಿ ವಾಪಸ್ ಪಡೆದರು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಕಾರಣ ಏನು ಗೊತ್ತೇ? ಒಂದು ಕಡೆ 21 ಮಾಹಿತಿ ಇವೆ ಅಂತ ಬರೆದಿತ್ತು, ಇನ್ನೊಂದು ಕಡೆ 20 ಮಾತ್ರ ಕೊಡುತ್ತಿತ್ತು. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕಲು ಹೋಗಿ ಬಿತ್ತು. ಎಲ್ಲರಿಗೂ ಒಂದೇ ಸಲ ಕಳಿಸದೆ ಮೊದಲು ಸ್ವಲ್ಪ ಜನರಿಗೆ ಕಳಿಸಿ ನೋಡಿದ್ದರೆ ಆಗುತ್ತಿತ್ತು. ಇದನ್ನು ಎಪಿಎಂಸಿಯಲ್ಲಿ ಪ್ರೋಗ್ರಾಂ ಮಾರುವ ನಾವೂ ಮಾಡುತ್ತೇವೆ. ಮೊದಲು ಒಂದು ಅಂಗಡಿ, ಆಮೇಲೆ ಉಳಿದವರು.

2025ರ ನವೆಂಬರ್ 18ರಂದು, ಎಷ್ಟೋ ವೆಬ್‌ಸೈಟ್‌ಗಳ ಮುಂದೆ ನಿಂತು ಕಾಯುವ ಕ್ಲೌಡ್‌ಫ್ಲೇರ್ ಕಂಪನಿಯ ವ್ಯವಸ್ಥೆ ಬಿದ್ದು ಚಾಟ್‌ಜಿಪಿಟಿ, ಎಕ್ಸ್ (ಹಿಂದಿನ ಟ್ವಿಟರ್) ಎಲ್ಲ ನಿಂತದ್ದೂ ಹೆಚ್ಚುಕಡಿಮೆ ಇದೇ ಜಾತಿಯ ಕಥೆ. ದಾಳಿ ಆಗಿದೆ ಅಂತ ಮೊದಲು ಅವರಿಗೇ ಅನುಮಾನ. ನೋಡಿದರೆ ಡೇಟಾಬೇಸ್‌ನ ಅನುಮತಿ ಬದಲಿಸಿದ್ದರಿಂದ ಒಂದು ಫೈಲ್ ಇಮ್ಮಡಿಯಾಗಿತ್ತು, ಅದನ್ನು ಓದುವ ಪ್ರೋಗ್ರಾಂನಲ್ಲಿ ಅಷ್ಟಕ್ಕೆ ಜಾಗ ಇರಲಿಲ್ಲ.

ವಿಂಡೋಸ್ 10 ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅಂಗಡಿಯವರು ಬಹಳ ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತವು. ಹಳೆಯ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಹಾಕಲು ಬಿಡುವುದಿಲ್ಲ. ಚೆನ್ನಾಗಿ ಓಡುವ ಕಂಪ್ಯೂಟರನ್ನು ಗುಜರಿಗೆ ಹಾಕಿ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಮನೆಯಲ್ಲಿ ಬಳಸುವವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮುಂದುವರಿಸುವ ಏರ್ಪಾಡು ಇದೆ. ಬಿಲ್ ಮಾಡುವ ಯಂತ್ರದಲ್ಲಿ ಮಾತ್ರ ಇಮೇಲು, ಸಿನಿಮಾ, ಸಿಕ್ಕ ಸಿಕ್ಕ ಪೆನ್‌ಡ್ರೈವ್ ಬೇಡ. ಅಷ್ಟು ಸಾಕು.

ಇನ್ನು ನಮ್ಮ ಭಾಗದ್ದೇ ಒಂದು ಸಂಗತಿ. ಎಐಗೆ ಕನ್ನಡ ಕಲಿಸಬೇಕು ಅಂತ ಈಗ ಎಲ್ಲರೂ ಮಾತಾಡುತ್ತಾರೆ. ಓದಿಸಲು ಕನ್ನಡ ಎಲ್ಲಿದೆ? ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಒಬ್ಬ ಮುದ್ರಕರು ಹಳೆಯ ಪುಸ್ತಕಗಳ ಫೈಲ್ ಇರುವ ಸಿಡಿಗಳನ್ನು ನನಗೆ ಕೊಟ್ಟಿದ್ದರು. ತೆರೆದರೆ ಕನ್ನಡವೇ ಇಲ್ಲ. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಇರುವ ಒಂದು ಎ. ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಆದರೆ ನಮ್ಮ ಡಿಟಿಪಿ ಪೂರ್ತಿ ಹಳೆಯ ಫಾಂಟ್‌ಗಳ ಮೇಲೆ ಬೆಳೆಯಿತು. ಫಾಂಟ್ ಇದ್ದರೆ ಅದು ಕನ್ನಡದಂತೆ ಕಾಣುತ್ತದೆ, ಅಷ್ಟೇ. ಕಂಪ್ಯೂಟರ್ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪ್ರೋಗ್ರಾಂಗಳು ಇವೆ. ತೊಡಕು ಬರುವುದು ಒತ್ತಕ್ಷರ, ಅರ್ಕಾವತ್ತುಗಳಲ್ಲಿ. ‘ಸೂರ್ಯ’ ಬರೆಯುವಾಗ ನಾವು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಹಳೆಯ ಫಾಂಟ್‌ನಲ್ಲೂ ಹಾಗೇ. ಯೂನಿಕೋಡ್‌ನಲ್ಲಿ ಮಾತ್ರ ನುಡಿಯುವ ಕ್ರಮ, ಮೊದಲು ರ, ಆಮೇಲೆ ಯ. ತಿರುಗಿಸುವಾಗ ಪ್ರೋಗ್ರಾಂ ಹಿಂದಕ್ಕೆ ಹೋಗಿ ರಕಾರವನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕು. ಒಂದು ಫಾಂಟ್‌ಗೆ ಸರಿಹೋದದ್ದು ಇನ್ನೊಂದಕ್ಕೆ ಸರಿಹೋಗುವುದಿಲ್ಲ. ಯಾವ ಫಾಂಟ್ ಅಂತಲೇ ಗೊತ್ತಿಲ್ಲದಿದ್ದರೆ ದೇವರೇ ಗತಿ. ಇಂಥ ಕೆಲಸಕ್ಕೆ ಎಐ ಹೇಳಿ ಮಾಡಿಸಿದಂತಿದೆ. ತಿರುಗಿಸುವ ಪಟ್ಟಿ ಕಟ್ಟಲು, ಮುರಿದ ಪದ ಹುಡುಕಲು ನಾನು ಅದನ್ನೇ ಬಳಸುತ್ತೇನೆ. ಕೊನೆಗೆ ಪುಟ ಓದಿ ನೋಡಲು ಕನ್ನಡ ಬಲ್ಲವರೊಬ್ಬರು ಬೇಕು, ಅದು ಬೇರೆ ಮಾತು.

ಗದಗ, ಹಾವೇರಿ, ಧಾರವಾಡದ ಮುದ್ರಕರು ಯಾರಾದರೂ ಕೇಳುತ್ತಿದ್ದರೆ ಒಂದು ವಿನಂತಿ. ಹಳೆಯ ಕಂಪ್ಯೂಟರ್ ಮಾರುವ ಮೊದಲು ಪುಸ್ತಕದ ಫೈಲ್ ಜೊತೆಗೆ ಫಾಂಟ್‌ಗಳ ಫೋಲ್ಡರನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಸಿಡಿಯಲ್ಲೇ ಬಿಡಬೇಡಿ, ಅವು ಕೆಡುತ್ತವೆ. ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ, ಯಾವ ಪುಸ್ತಕಕ್ಕೆ ಯಾವ ಫಾಂಟ್ ಅಂತ ಒಂದು ಚೀಟಿ ಬರೆದು ಅಂಟಿಸಿ.

ನಮಸ್ಕಾರ.