ಪಿಗ್ಮಿ ಕಟ್ಟಿದ ವರ್ಷ

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ ನನ್ನ ವಿಷಯ ‘ಕುಟುಂಬ ಮತ್ತು ಶ್ರದ್ಧೆ’ ಅಂತ ಅಚ್ಚಾಗಿದೆ. ನಾನು ಪಂಡಿತೆಯಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೆಂಟು ವರ್ಷ ಕೂತವಳು. ‘ಶ್ರದ್ಧೆಗೆ ಒಂದು ದೀರ್ಘ ಕೊಟ್ಟು ಶ್ರಾದ್ಧದ ಬಗ್ಗೆ ಮಾತಾಡ್ಲಾ?’ ಅಂತ ಕಾರ್ಯದರ್ಶಿಗಳನ್ನು ಕೇಳಿದೆ. ‘ಬೇಡ ಮೇಡಂ, ಇದು ವಾರ್ಷಿಕೋತ್ಸವ’ ಅಂದರು. ಕ್ಷಮಿಸಿ, ಅದನ್ನೇ ಮಾತಾಡ್ತೇನೆ.

ಅಮ್ಮ ಹೋದದ್ದು 2023ರ ಆಟಿಯಲ್ಲಿ, ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ. ತೊಂಬತ್ತು ತುಂಬಿತ್ತು. ತೊಂಬತ್ತು ಅಂತ ನಾವು ಹೇಳುವುದು. ಅಮ್ಮನ ಲೆಕ್ಕ ಪರ್ಯಾಯದ್ದು, ಕೃಷ್ಣ ಮಠದ ಪೂಜೆ ಎಂಟು ಮಠಗಳ ನಡುವೆ ಎರಡು ವರ್ಷಕ್ಕೊಮ್ಮೆ ಕೈ ಬದಲಾಗುತ್ತದಲ್ಲ, ಅದು. ನಾನು ಪೇಜಾವರರ ಮೊದಲನೇ ಪರ್ಯಾಯದ ಮಗು, ಅಂದರೆ 1953. ‘ನಿನ್ನ ಮದುವೆಗೆ ತಂದ ಹಂಡೆ ಯಾವಾಗಿನದಮ್ಮ?’ ಅಂತ ಕೇಳಿದರೂ ಒಂದು ಮಠದ ಹೆಸರೇ ಉತ್ತರ. ಇಲ್ಲಿ ಕೂತವರಲ್ಲೂ ಅರ್ಧ ಜನ ಹಾಗೇ ಎಣಿಸುವವರು, ನಗಬೇಡಿ. ಎರಡೆರಡು ತಿಂಗಳಿದ್ದ ಪೂಜೆಯ ಸರದಿಯನ್ನು ವಾದಿರಾಜರು ಎರಡೆರಡು ವರ್ಷ ಮಾಡಿದರಲ್ಲ, ಅದರ ಬಗ್ಗೆ ಅಮ್ಮನಿಗೆ ಒಂದೇ ವ್ಯಾಖ್ಯಾನ: ‘ಎರಡು ತಿಂಗಳಲ್ಲಿ ಪಾತ್ರೆ ತೊಳೆದು ಮುಗಿಯುವುದುಂಟಾ?’

ಇನ್ನು ಪಿಗ್ಮಿ. ಉಡುಪಿಯವರಿಗೆ ಪಿಗ್ಮಿ ಅಂದರೇನು ಅಂತ ಹೇಳಿದರೆ ಮಲ್ಪೆಯಲ್ಲಿ ಮೀನು ಮಾರಿದ ಹಾಗೆ. 1928ರಲ್ಲಿ ಇದೇ ಊರಿನಲ್ಲಿ, ದಿನಕ್ಕೆ ಎರಡಾಣೆ ಉಳಿತಾಯ, ಮನೆ ಬಾಗಿಲಿಗೇ ಬಂದು ತೆಗೆದುಕೊಳ್ಳುವುದು ಅಂತ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ್ದು. ಆ ಬ್ಯಾಂಕಿನ ಹೆಸರು 2020ರ ಏಪ್ರಿಲ್ ಒಂದಕ್ಕೆ ಅಳಿಯಿತು, ಕೆನರಾದಲ್ಲಿ ಸೇರಿತು. ಅದಕ್ಕೂ ನಾವು ಕೆಲವರು ಒಳಗೊಳಗೇ ಸೂತಕ ಹಿಡಿದವರು! ಅಮ್ಮ ಮಾತ್ರ ಕೊನೆಯವರೆಗೂ ‘ಸಿಂಡಿಕೇಟಿನವರು ಬಂದ್ರು’ ಅಂತಲೇ ಹೇಳುತ್ತಿದ್ದರು.

ಸಂಜೆ ಆರಕ್ಕೆ ಪಿಗ್ಮಿಯವರು ಬರುವುದು. ಅಮ್ಮ ಹಾರ್ಲಿಕ್ಸ್ ಬಾಟಲಿಯಿಂದ ಇಪ್ಪತ್ತು ರೂಪಾಯಿ ತೆಗೆದಿಟ್ಟು ಜಗಲಿಯಲ್ಲಿ ಕಾಯುವುದು. ಇಪ್ಪತ್ತು ರೂಪಾಯಿಗೆ ಇಪ್ಪತ್ತು ನಿಮಿಷ ಮಾತು. ಯಾರ ಮನೆ ಬಾವಿ ಬತ್ತಿತು, ಯಾರ ಮಗಳು ಬಸುರಿ, ಎಲ್ಲ ಸುದ್ದಿ ಆ ದಾರಿಯಲ್ಲೇ ಒಳಗೆ ಬರುತ್ತಿದ್ದದ್ದು. ಅಮ್ಮ ತೀರಿದ ದಿನವೂ ಅವರು ಬಂದಿದ್ದರು, ಸುದ್ದಿ ತಿಳಿದೇ. ಆದರೆ ಹದಿಮೂರು ಕಳೆದ ಮೇಲೆ ಒಂದು ಸಂಜೆ ನೋಡ್ತೇನೆ, ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಮಿಷನ್ ಕೈಯಲ್ಲಿ ಹಿಡಿದು ನಿಂತಿದ್ದಾರೆ. ‘ಏನು?’ ಅಂದೆ. ‘ಏನಿಲ್ಲಕ್ಕ, ಕಾಲು ಬಂತು’ ಅಂದರು. ಮರುದಿನವೂ ಕಾಲು ಬಂತು. ಅದರ ಮರುದಿನವೂ. ತಮ್ಮನ ಹೆಂಡತಿ ಕಾಫಿ ಕೊಡಲು ಶುರು ಮಾಡಿದಳು.

ನನಗೆ ವಿಷಯ ಹೊಳೆದದ್ದು ಅಲ್ಲಿ. ಸತ್ತವರ ಲೆಕ್ಕ ಒಂದೇ ಗಂಟಿನಲ್ಲಿ ಚುಕ್ತಾ ಆಗುವ ಜಾತಿಯದ್ದಲ್ಲ. ಅದು ಪಿಗ್ಮಿ. ನಮ್ಮಲ್ಲಿ ಮೊದಲ ವರ್ಷಕ್ಕೆ ಹದಿನಾರು ಶ್ರಾದ್ಧ ಉಂಟಲ್ಲ, ತಿಂಗಳಿಗೊಂದರಂತೆ ಹನ್ನೆರಡು ಮಾಸಿಕ, ಮೇಲೆ ನಡುನಡುವೆ ಬರುವ ಊನಮಾಸಿಕ, ತ್ರಿಪಕ್ಷ, ಊನಷಾಣ್ಮಾಸಿಕ, ಊನಾಬ್ದಿಕ. ಗರುಡ ಪುರಾಣದ ಪ್ರಕಾರ ಹೋದ ಜೀವಕ್ಕೆ ಒಂದು ವರ್ಷದ ದಾರಿ, ನಾವು ಇಟ್ಟದ್ದು ಅದರ ಬುತ್ತಿ. ಅಲ್ಲಿ ಮುಟ್ಟುತ್ತದೋ ಇಲ್ಲವೋ, ರಶೀದಿ ಯಾರೂ ತಂದದ್ದಿಲ್ಲ. ಆದರೆ ಇಲ್ಲಿ, ತಿಂಗಳಿಗೊಮ್ಮೆ ಬೆಳಿಗ್ಗೆ ಐದಕ್ಕೆ ಎದ್ದು ಉದ್ದು ರುಬ್ಬುವ ಕೈಗೆ ಒಂದು ಕೆಲಸ.

ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು, ನಾವು ‘ಬಾಯಿ’ ಅಂತ ಕರೆಯುವವರು, ಇದನ್ನು ಕೇಳಿ ಆಶ್ಚರ್ಯಪಟ್ಟರು. ‘ನಮ್ಮವರಿಗೆ ಏಳನೇ ದಿನ, ತಿಂಗಳು, ವರ್ಷ ಅಂತ ಪೂಜೆ ಹೇಳಿಸಿದೆ, ಮುಗೀತು. ನಿಮ್ಮಲ್ಲಿ ಹದಿನಾರಾ? ನಿಮ್ಮ ದೇವರಿಗೆ ಮರೆವು ಜಾಸ್ತಿಯಾ ಅಕ್ಕ?’ ಉತ್ತರ ನನಗೆ ಇನ್ನೂ ಹೊಳೆದಿಲ್ಲ.

ಹಬ್ಬಗಳ ಬಗ್ಗೆ ವಿಸ್ತಾರವಾಗಿ ಬರೆದು ತಂದಿದ್ದೆ. ಬೇಗ ಹೇಳ್ತೇನೆ. ವರ್ಷವಿಡೀ ಹಬ್ಬ ಇಲ್ಲ ಅಂತ ಸಾರುತ್ತೇವೆ. ಅಷ್ಟಮಿಗೆ ಬಾಣಲೆ ಇಡಲಿಲ್ಲ. ಬಂದ ಚಕ್ಕುಲಿ ಉಂಡೆ ಹನ್ನೊಂದು ಮನೆಯದ್ದು, ಡಬ್ಬ ಸಾಲಲಿಲ್ಲ. ಅದರ ಬೆನ್ನಿಗೇ ಸೆಪ್ಟೆಂಬರ್ ಎಂಟು, ಮೇರಿ ಮಾತೆಯ ಮೊಂತಿ ಹಬ್ಬ, ಬಾಯಿಯ ಮನೆಯಲ್ಲಿ ಮೀನಿಲ್ಲದ ಅಪರೂಪದ ದಿನ. ಅಲ್ಲಿಂದ ಪಾಯಸ. ಹಬ್ಬ ಇದ್ದ ವರ್ಷ ಒಂದೇ ಮನೆಯ ಚಕ್ಕುಲಿ ತಿನ್ನುವುದು, ಇಲ್ಲದ ವರ್ಷ ಹನ್ನೊಂದು ಮನೆಯದ್ದು. ಶಾಸ್ತ್ರ ಮಾಡಿದವನು ಜಾಣ ಮಾರಾಯ್ರೆ.

ಡಿಸೆಂಬರಿನಲ್ಲಿ ಪಿಗ್ಮಿ ಹಣ ನನ್ನ ಕೈಗೆ ಬಂತು, ನಾಮಿನಿ ನಾನು. ಪಾಸ್ ಪುಸ್ತಕದ ರಟ್ಟಿನ ಒಳಗೆ ಅಮ್ಮನ ಅಕ್ಷರ: ‘ಪುತ್ತಿಗೆ ಹೊರೆಕಾಣಿಕೆ.’ 2024ರ ಜನವರಿ ಹದಿನೆಂಟಕ್ಕೆ ಪುತ್ತಿಗೆ ಮಠದ ಪರ್ಯಾಯ, ಅದಕ್ಕೆ ಅಕ್ಕಿ ಕಾಯಿ ಒಪ್ಪಿಸಬೇಕು ಅಂತ ಮೊದಲೇ ಎಣಿಸಿ ಕಟ್ಟುತ್ತಾ ಬಂದಿದ್ದಾರೆ. ವರ್ಷ ತುಂಬದ ಮನೆಯಿಂದ ಕೊಡಬಹುದೋ? ತಮ್ಮ ಬೇಡ ಅಂದ, ನಾನು ಬೇಕು ಅಂದೆ, ಮೂರು ದಿನ ಮಾತಿಲ್ಲ. ಕೊನೆಗೆ ಪುರೋಹಿತರು, ‘ಕಟ್ಟಿದವರು ಬದುಕಿದ್ದಾಗ ಕಟ್ಟಿದ್ದಲ್ಲವೋ? ದುಡ್ಡಿಗೆ ಎಂಥ ಸೂತಕ?’ ಅಂದರು. ಅಕ್ಕಿ, ತೆಂಗಿನಕಾಯಿ, ಎರಡು ಕುಂಬಳಕಾಯಿ. ಹೊತ್ತುಕೊಂಡು ಹೋದದ್ದು ಬಾಯಿಯ ಮಗನ ಟೆಂಪೊ. ಬಾಡಿಗೆ ಅವ ತೆಗೆದುಕೊಳ್ಳಲಿಲ್ಲ.

ಅಧ್ಯಕ್ಷರು ವಾಚು ನೋಡ್ತಾ ಇದ್ದಾರೆ. ಸರ್, ಮದುವೆ ಒಂದು ಬಾಕಿ ಉಂಟು, ಊಟ ಇಲ್ಲದೆ ಎಬ್ಬಿಸಬೇಡಿ.

ತಮ್ಮನ ಮಗಳ ಮದುವೆ. ಹುಡುಗ ಜರ್ಮನಿಯಲ್ಲಿ, ರಜೆ ಏಪ್ರಿಲಿನಲ್ಲಿ ಮಾತ್ರ, ಅದು ಕಳೆದರೆ ಶುಕ್ರಾಸ್ತ, ಮುಹೂರ್ತ ಇಲ್ಲ. ಅಮೆರಿಕದಲ್ಲಿರುವ ಸಣ್ಣ ತಮ್ಮ ಫೋನಿನಲ್ಲಿ, ‘ಉಳಿದ ಮಾಸಿಕ ಎಲ್ಲ ಒಂದೇ ದಿನ ಮುಗಿಸಿಬಿಡಿ’ ಅಂದ. ಮಾಡಬಹುದು. ಅಪಕರ್ಷ ಅಂತ ಅದಕ್ಕೆ ಹೆಸರೇ ಉಂಟು. ಹೋದವರನ್ನು ಪಿತೃಗಳ ಜೊತೆ ಸೇರಿಸುವ ಸಪಿಂಡೀಕರಣ, ವರ್ಷದ ಕೊನೆಗೆ ಆಗಬೇಕಾದದ್ದು, ಅದನ್ನೇ ನಾವು ಹನ್ನೆರಡನೇ ದಿನಕ್ಕೆ ಎಳೆದುಕೊಂಡವರು. ನಾನು ಹಾರಾಡಿದೆ. ‘ಪಿಗ್ಮಿ ಅವಧಿಗೆ ಮೊದಲು ಮುರಿದರೆ ಬಡ್ಡಿ ಇಲ್ಲ’ ಅಂತ ಕೌಂಟರಿನ ದನಿಯಲ್ಲೇ ಹೇಳಿದೆ. ತಮ್ಮ ಹೇಳಿದ್ದಿಷ್ಟೆ: ‘ಅಕ್ಕ, ಮೊಮ್ಮಗಳ ಮದುವೆ ನೋಡ್ಬೇಕು ಅಂತ ಬಾಯಿ ಬಿಟ್ಟು ಹೇಳಿದ್ದು ಅಮ್ಮ.’ ಸೋತೆ. ಮದುವೆ ಚೆನ್ನಾಗಿ ಆಯಿತು. ವಿರೋಧ ಮಾಡಿದವಳು ನಾನೇ, ಹೋಳಿಗೆ ಎರಡನೇ ಸಲ ಕರೆದು ಬಡಿಸಿಕೊಂಡವಳೂ ನಾನೇ.

ಆಮೇಲೆ ಮೇ ತಿಂಗಳ ತಿಥಿ ಬಂತು. ಮಾಡುವುದಕ್ಕೆ ಏನೂ ಇಲ್ಲ, ಎಲ್ಲ ಮುಗಿದಿದೆ. ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರವಾಯಿತು. ಹಿತ್ತಿಲು ದಾಟಿ ತಮ್ಮನ ಮನೆಗೆ ಹೋದರೆ ಅಡಿಗೆಮನೆಯಲ್ಲಿ ದೀಪ. ತಮ್ಮ ಮಿಂದು ಒದ್ದೆ ತಲೆಯಲ್ಲಿ ಕೂತಿದ್ದಾನೆ. ಅವನ ಹೆಂಡತಿ ಹಿಂದಿನ ರಾತ್ರಿ ಕೈ ತಪ್ಪಿ ಉದ್ದು ನೆನೆಹಾಕಿದ್ದಾಳೆ, ಒಂದು ಸೇರು. ಮೂವರೂ ಆ ಪಾತ್ರೆಯನ್ನೇ ನೋಡಿದೆವು. ಯಾರಿಗೆ ಮೊದಲು ಅಳು ಬಂತು ಅಂತ ನೆನಪಿಲ್ಲ. ಹದಿಮೂರು ದಿನದಲ್ಲೂ ನಾವು ಹಾಗೆ ಅತ್ತವರಲ್ಲ. ಆಮೇಲೆ ಅದನ್ನು ರುಬ್ಬಿಟ್ಟು ಮರುದಿನ ಇಡ್ಲಿ ಮಾಡಿದೆವು, ಬಾಯಿಯ ಮನೆಗೂ ಕೊಟ್ಟೆವು.

ಆ ಉದ್ದು ಕಂಡ ಮೇಲೆ ಅಪಕರ್ಷ ತಪ್ಪು ಅಂತ ವಾದ ಮಾಡಲು ನನಗೆ ಬಾಯಿಯಿಲ್ಲ, ಸರಿ ಅಂತ ಒಪ್ಪಲು ಮನಸ್ಸೂ ಇಲ್ಲ. ಎರಡೂ ಕಡೆಯ ಶಾಸ್ತ್ರ ಬರೆದುಕೊಂಡ ಹಾಳೆ ಇಲ್ಲೇ ಉಂಟು. ಚೀಟಿ ಬಂತು, ಐದು ಇಪ್ಪತ್ತು ಅಂತೆ. ದೇವರ ಬಗ್ಗೆ, ನಂಬಿಕೆಯ ಬಗ್ಗೆ ಇದ್ದ ನಾಲ್ಕು ಪುಟ ಮಡಚುತ್ತೇನೆ. ಬೇಕಾದವರಿಗೆ ಜೆರಾಕ್ಸ್ ಕೊಡ್ತೇನೆ.

ಪ್ರಶ್ನೋತ್ತರಕ್ಕೂ ನಿಲ್ಲಲು ಆಗುವುದಿಲ್ಲ, ತಪ್ಪು ತಿಳಿಯಬೇಡಿ. ಈಗ ಪಿಗ್ಮಿ ನನ್ನ ಹೆಸರಿನಲ್ಲಿ ಉಂಟು, ಆರಕ್ಕೆ ಅವರು ಬರ್ತಾರೆ. ನಮಸ್ಕಾರ.