ಹೊಂಡ ತುಂಬಿತು ಅಂತ ಮೀನು ಬಿಡಬೇಡಿ

ಸೆಪ್ಟೆಂಬರ್, ಅಕ್ಟೋಬರಲ್ಲಿ ನಾಲ್ಕು ಒಳ್ಳೆ ಮಳೆ ಬಿದ್ದು ಕೃಷಿ ಹೊಂಡ ಅಂಚಿಗೆ ಬಂತು ಅಂದರೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕ್ಯಾಟ್‌ಫಿಶ್ ಮರಿ ಹುಡುಕೋಕೆ ಹೊರಡೋರು ಬಹಳ. ನಾನು ಹೇಳೋದು, ಆಗ ಬಿಡಬೇಡಿ. ಮಾರ್ಚ್‌ವರೆಗೂ ತಡೀರಿ.

ಮೊದಲು ಯಾವ ಮೀನು ಅನ್ನೋದು ಇತ್ಯರ್ಥ ಆಗಲಿ. ಆಫ್ರಿಕನ್ ಕ್ಯಾಟ್‌ಫಿಶ್ ಬೇಡವೇ ಬೇಡ. ಅದನ್ನ ಸಾಕೋದಕ್ಕೆ 2000ದಲ್ಲೇ ನಿಷೇಧ ಬಿದ್ದಿದೆ. ನಮ್ಮ ಕಡೆ ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತೆ. ಹೊಂಡದಿಂದ ತಪ್ಪಿಸಿಕೊಂಡ ಆ ಮೀನು ಕೆರೆಯಿಂದ ಕೆರೆಗೆ ಇಳಿದು ಸಣ್ಣ ಮೀನನ್ನೆಲ್ಲ ತಿಂದುಹಾಕುತ್ತೆ. ಸಾಕೋದಾದರೆ ಪಂಗಾಸಿಯಸ್ ಅನ್ನೋ ಇನ್ನೊಂದು ಜಾತಿ ಕ್ಯಾಟ್‌ಫಿಶ್ ಸಾಕಿ, ಅದಕ್ಕೂ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ನೋಂದಣಿ ವಿಚಾರಿಸಿ. ಮರಿ ಕೊಳ್ಳುವಾಗ ಬೆನ್ನು ನೋಡಿ. ಪಂಗಾಸಿಯಸ್‌ಗೆ ಬೆನ್ನಿನ ರೆಕ್ಕೆ ಗಿಡ್ಡ, ಬಾಲ ಕವಲು, ಮೀಸೆ ನಾಲ್ಕು. ಬೆನ್ನುದ್ದಕ್ಕೂ ರೆಕ್ಕೆ, ಗುಂಡು ಬಾಲ, ಎಂಟು ಮೀಸೆ ಕಂಡರೆ ಮಾರೋನು ಏನೇ ಹೆಸರು ಹೇಳಲಿ, ವಾಪಸ್ ಕೊಡಿ.

ಈಗ ಮಾರ್ಚ್ ಯಾಕೆ? ಪಂಗಾಸಿಯಸ್ ಬಿಸಿ ನೀರಿನ ಮೀನು, 26ರಿಂದ 30 ಡಿಗ್ರಿ ಅದಕ್ಕೆ ಹಿತ. ಡಿಸೆಂಬರ್, ಜನವರಿಯ ನಮ್ಮ ಚಳಿಗೆ ಹೊಂಡದ ನೀರು 20ರ ಹತ್ತಿರ ಇಳಿದರೆ ಮೇವು ಮುಟ್ಟಲ್ಲ, ಮೈಮೇಲೆ ಬಿಳಿ ಚುಕ್ಕೆ ಏಳುತ್ತೆ. ಅಕ್ಟೋಬರಲ್ಲಿ ಬಿಟ್ಟ ಮರಿ ಎರಡು ತಿಂಗಳು ಸುಮ್ಮನೆ ಕೂತು, ಫೆಬ್ರವರಿಯಿಂದ ತಿಂದು ದಪ್ಪ ಆಗೋ ಹೊತ್ತಿಗೆ ಏಪ್ರಿಲ್ ಬಂತು, ಹೊಂಡ ಅರ್ಧ ಆಯ್ತು. ಮಾರ್ಚಲ್ಲಿ ಬಿಟ್ಟರೆ ಲೆಕ್ಕ ತಿರುಗುತ್ತೆ. ನೀರು ಕಮ್ಮಿ ಇದ್ದಾಗ ಮೀನೂ ಚಿಕ್ಕದು, ಮಳೆಗಾಲದಲ್ಲಿ ಎರಡೂ ಬೆಳೆಯುತ್ತೆ, ಚಳಿಗೆ ಮುಂಚೆ ನವೆಂಬರ್ ಹೊತ್ತಿಗೆ ಮುಕ್ಕಾಲರಿಂದ ಒಂದು ಕೆಜಿ.

ಎಷ್ಟು ಮರಿ ಅನ್ನೋದೂ ತುಂಬಿದ ಹೊಂಡ ನೋಡಿ ಹೇಳೋದಲ್ಲ. ಒಂದು ಹೊಂಡ ತಗೊಳ್ಳಿ, 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳ, ಬದಿ ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಗೆ ಬರೋ ಇಳಿಜಾರು. ತುಂಬಿದಾಗ ಸುಮಾರು 980 ಘನ ಮೀಟರ್ ನೀರು. ಒಂದೂವರೆ ಮೀಟರಿಗೆ ಇಳಿದರೆ ಉಳಿಯೋದು ಬರೀ 410, ಯಾಕಂದ್ರೆ ತಳ ಕಿರಿದು. ಮಳೆ ಕೈಕೊಟ್ಟರೆ ಜುಲೈಯಲ್ಲೂ ಇಷ್ಟೇ ಇರಬಹುದು, ಹಾಗಾಗಿ ಈ ಮಟ್ಟಕ್ಕೇ ಲೆಕ್ಕ ಹಾಕಿ. ಆಗ ನೀರಿನ ಮೇಲ್ಮೈ 324 ಚದರ ಮೀಟರ್. ನೀರಿಗೆ ಗಾಳಿ ಸೇರಿಸೋ ಏರೇಟರ್ ಯಂತ್ರ ಇಲ್ಲದಿದ್ದರೆ ಚದರ ಮೀಟರಿಗೆ ಎರಡು, ಅಂದರೆ 600ರಿಂದ 650 ಮರಿ, ನಾಲ್ಕು ಇಂಚಿಗೆ ಕಮ್ಮಿ ಇಲ್ಲದ್ದು. ಎರಡು ಸಾವಿರ ಬಿಡಿ ಅನ್ನೋನು ಮರಿ ಮಾರೋನು, ಮೀನು ಮಾರೋನಲ್ಲ.

"ಇದು ಮೇಲೆ ಬಂದು ಗಾಳಿ ಕುಡಿಯೋ ಮೀನು, ಏನೂ ಆಗಲ್ಲ" ಅಂತಾರಲ್ಲ, ಹೆಚ್ಚು ಹೊಂಡ ಕೆಡೋದು ಈ ಮಾತಿಂದಲೇ. ಆಮ್ಲಜನಕ ಕಮ್ಮಿ ಆದರೆ ತಡಕೊಳ್ಳುತ್ತೆ, ಅಮೋನಿಯಾ ತಡಕೊಳ್ಳಲ್ಲ. ಅರ್ಧ ಕೆಜಿಯ 500 ಮೀನಿಗೆ ಮೈತೂಕದ ಶೇ. 2 ಅಂದರೆ ದಿನಕ್ಕೆ 5 ಕೆಜಿ ತೇಲುವ ಮೇವು. ಒಂದು ಕೆಜಿ ಮೇವಿಂದ ಹೆಚ್ಚುಕಮ್ಮಿ 30 ಗ್ರಾಂ ಅಮೋನಿಯಾ ನೀರಿಗೆ ಸೇರುತ್ತೆ. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಅದನ್ನ ಎಳಕೊಳ್ಳೋಕೆ ಮಣ್ಣಿಲ್ಲ. ನೀರು ಗಾಢ ಹಸಿರಾಗಿ ಮಧ್ಯಾಹ್ನ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 9ಕ್ಕೆ ಹೋದರೆ ಆ ಅಮೋನಿಯಾದಲ್ಲಿ ಸುಮಾರು ಶೇ. 40 ವಿಷರೂಪಕ್ಕೆ ತಿರುಗುತ್ತೆ, 7.5ರಲ್ಲಿ ಇದ್ದಿದ್ದರೆ ಶೇ. 2. ಆದ್ದರಿಂದ ಪಿಎಚ್ ನೋಡೋದು ಬೆಳಿಗ್ಗೆ ಅಲ್ಲ, ಮಧ್ಯಾಹ್ನ ಮೂರರ ಮೇಲೆ. ಹಾಕಿದ ಮೇವು 20 ನಿಮಿಷದಲ್ಲಿ ಖಾಲಿ ಆಗದಿದ್ದರೆ ಮಾರನೇ ದಿನ ಕಡಿಮೆ ಮಾಡಿ. ತಳದಲ್ಲಿ ಕೂತ ಗಲೀಜು ನೀರನ್ನೇ ಪೈಪಲ್ಲಿ ಎಳೆದು ಟೊಮೇಟೊಗೋ ಹಿಪ್ಪುನೇರಳೆಗೋ ಕಾಲುವೆಯಲ್ಲಿ ಹಾಯಿಸಿ. ಡ್ರಿಪ್‌ಗೆ ಬಿಟ್ಟರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ.

ಶಿಡ್ಲಘಟ್ಟದ ಕಡೆಯವರು ರೇಷ್ಮೆ ನೂಲು ತೆಗೆಯೋ ರೀಲರ್‌ಗಳ ಹತ್ತಿರ ಸಿಗೋ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳ, ಮೇವಾಗಿ ಹಾಕಬಹುದಾ ಅಂತ ಕೇಳ್ತಾರೆ. ಪ್ರೋಟೀನ್ ಧಾರಾಳ, ಆದರೆ ಎಣ್ಣೆಯೂ ಅಷ್ಟೇ. ಹಸಿಯಾಗಿ ಇಟ್ಟರೆ ಕಮಟು ಹಿಡಿದು ಆ ವಾಸನೆ ಮೀನಿಗೂ ಬರುತ್ತೆ. ಒಣಗಿಸಿ, ಮೇವಿನ ಜೊತೆ ಸ್ವಲ್ಪ ಬೆರೆಸಿ, ಮಾರೋ ತಿಂಗಳು ಪೂರ್ತಿ ನಿಲ್ಲಿಸಿ.

ಒಂದೇ ರಾತ್ರಿಗೆ ಎಲ್ಲಾ ಮೀನು ತೇಲಿದರೆ ರೋಗ ಅಂದುಕೊಳ್ಳೋ ಮೊದಲು ಪಕ್ಕದ ಟೊಮೇಟೊ ತೋಟಕ್ಕೆ ಏನು ಹೊಡೆದರು ಕೇಳಿ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ತರದ ಕೀಟನಾಶಕ ಮೀನಿಗೆ ತೊಟ್ಟು ಸಾಕು. ಔಷಧಿ ಹೊಡೆದ ಮೇಲಿನ ಮೊದಲ ಮಳೆ ನೀರು ಹೊಂಡಕ್ಕೆ ಬರದ ಹಾಗೆ ಬಾಯಿಗೆ ಮಣ್ಣು ಕಟ್ಟಿ, ಬೇರೆ ಕಡೆ ತಿರುಗಿಸಿ.

ಹಿಡಿಯೋ ಹಿಂದಿನ ದಿನ ಮೇವು ಬಂದ್. ಬಲೆ ಗಂಟಿಲ್ಲದ್ದು ಇರಲಿ, ಮೀನಿನ ಪಕ್ಕದ ರೆಕ್ಕೆಯ ಮುಳ್ಳು ಗಂಟಿಗೆ ಸಿಕ್ಕಿ ಮೀನೂ ಹರಿಯುತ್ತೆ, ಕೈಯೂ ಹರಿಯುತ್ತೆ. ಹೊಂಡದ ಸುತ್ತ ಬೇಲಿ ಇಲ್ಲದಿದ್ದರೆ ಮರಿ ದುಡ್ಡಲ್ಲಿ ಮೊದಲು ಅದನ್ನ ಹಾಕಿಸಿ. ಪಾಚಿ ಕಟ್ಟಿದ ಪ್ಲಾಸ್ಟಿಕ್ ಮೇಲೆ ಜಾರಿದವರು ಈಜು ಬಂದರೂ ಹತ್ತೋಕಾಗಲ್ಲ. ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿದ ಗಂಟು ಹಗ್ಗ ನೀರಿನ ತಳದವರೆಗೂ ಇಳಿಬಿಟ್ಟಿರಿ.